ಅಕ್ಟೋಬರ್ ತಿಂಗಳ ಕರಡಿ: ‘ಗ್ರಿಜ್ಲಿ ಮ್ಯಾನ್’ ಬಗ್ಗೆ ಒಂದು ತಕರಾರು

ವರ್ನರ್ ಹರ್ಜೋಗ್‌ನ ‘ಗ್ರಿಜ್ಲಿ ಮ್ಯಾನ್’ (2005) ಸಾಕ್ಷ್ಯಚಿತ್ರವನ್ನು ನಮ್ಮ ಬಳಗದ ಬಹಳ ಮಂದಿ ನೋಡಿರುತ್ತೀರಿ. ನೋಡದವರಿಗಾಗಿ ಕತೆ ಇಷ್ಟು. ತಿಮೊತಿ ಟ್ರೆಡ್‌ವೆಲ್ ಎಂಬಾತ ಹದಿಮೂರು ಬೇಸಿಗೆಗಳನ್ನು ಅಲಾಸ್ಕಾದ ಕಟ್ಮಾಯ್ ರಾಷ್ಟ್ರೀಯ ಉದ್ಯಾನದಲ್ಲಿ, ಕಂದು ಕರಡಿಗಳ ನಡುವೆ ಡೇರೆ ಹಾಕಿಕೊಂಡು ಕಳೆದ. ಅವಕ್ಕೆ ಹೆಸರಿಟ್ಟ, ಮುದ್ದಿನಿಂದ ಮಾತಾಡಿಸಿದ, ಕೈಗೆಟುಕುವಷ್ಟು ಹತ್ತಿರ ನಿಂತು ಸುಮಾರು ನೂರು ಗಂಟೆಗಳ ವಿಡಿಯೋ ತೆಗೆದ. 2003ರ ಅಕ್ಟೋಬರ್ 5ರಂದು ಅವನನ್ನೂ ಅವನ ಗೆಳತಿ ಏಮಿ ಹ್ಯೂಗೆನಾರ್ಡ್‌ಳನ್ನೂ ಕರಡಿ ಕೊಂದು ತಿಂದಿತು. ಆ ವಿಡಿಯೋಗಳನ್ನೇ ಮುಂದಿಟ್ಟುಕೊಂಡು ಹರ್ಜೋಗ್ ಈ ಚಿತ್ರ ಕಟ್ಟಿದ್ದಾನೆ.

ಚಿತ್ರದ ಬಗ್ಗೆ ನಾನು ಓದಿದ ವಿಮರ್ಶೆಗಳೆಲ್ಲ ಹೆಚ್ಚುಕಡಿಮೆ ಒಂದೇ ಜಗಳದ ಸುತ್ತ ಗಿರಕಿ ಹೊಡೆಯುತ್ತವೆ: ಪ್ರಕೃತಿ ತಾಯಿಯೋ, ಮಾರಿಯೋ? ಟ್ರೆಡ್‌ವೆಲ್‌ಗೆ ಕರಡಿಯ ಮುಖದಲ್ಲಿ ಗೆಳೆತನ ಕಾಣುತ್ತದೆ. ಹರ್ಜೋಗ್‌ಗೆ ಅದೇ ಮುಖದಲ್ಲಿ ಬಂಧುತ್ವದ ಸುಳಿವೂ ಸಿಗುವುದಿಲ್ಲ. ಆಹಾರದ ಬಗ್ಗೆ ಒಂದಿಷ್ಟು ಬೇಸರ ಬೆರೆತ ಆಸಕ್ತಿ ಮಾತ್ರ ಇದೆ ಎನ್ನುತ್ತಾನೆ. ಆ ಭಾರವಾದ ಜರ್ಮನ್ ಉಚ್ಚಾರಣೆಯಲ್ಲಿ ಕೇಳಿದಾಗ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ಎತ್ತಿ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ತಕರಾರು ಇಲ್ಲಿಯೇ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವ ನನ್ನಂಥವನಿಗೆ ಏನಾದರೂ ಕೆಟ್ಟುಹೋದರೆ ಮೊದಲು ಕಣ್ಣು ಹೋಗುವುದು ಅದು ಎಷ್ಟು ಹೊತ್ತಿಗೆ ಕೆಟ್ಟಿತು ಎಂಬ ಕಡೆಗೆ. ಇವರಿಬ್ಬರೂ ಕರಡಿಯ ಮುಖವನ್ನೇ ನೋಡುತ್ತ ಕೂತಿದ್ದಾರೆ. ತಾರೀಖು ನೋಡಿದವರು ಇಲ್ಲ.

ಅಕ್ಟೋಬರ್ ಎಂದರೆ ಕಂದು ಕರಡಿಗೆ ಏನು? ಅಲಾಸ್ಕಾದಲ್ಲಿ ಅದು ಗುಹೆ ಸೇರುವ ಮುಂಚಿನ ಕೊನೆಯ ವಾರಗಳು. ಒಳಗೆ ಹೋದ ಮೇಲೆ ಐದಾರು ತಿಂಗಳು ಅನ್ನವಿಲ್ಲ, ನೀರಿಲ್ಲ, ಮಲಮೂತ್ರವೂ ಇಲ್ಲ. ಎದೆಬಡಿತ ನಿಮಿಷಕ್ಕೆ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಮೂತ್ರವಾಗಿ ಹೋಗಬೇಕಾದ ಯೂರಿಯಾವನ್ನು ದೇಹ ಮತ್ತೆ ಪ್ರೋಟೀನ್ ಮಾಡಿಕೊಳ್ಳುತ್ತದೆ. ಅಷ್ಟು ದಿನ ಅಲುಗಾಡದೆ ಮಲಗಿಯೂ ಸ್ನಾಯುಗಳು ಹೆಚ್ಚು ಸವೆಯದಿರುವುದಕ್ಕೆ ಇದೊಂದು ಕಾರಣ. (ನಮ್ಮ ಪಠ್ಯಪುಸ್ತಕಗಳು ಇದನ್ನು ಶಿಶಿರನಿದ್ರೆ ಎಂದವು. ನಿದ್ರೆ ಎಂದ ಕೂಡಲೇ ನಮಗೆ ವಿಶ್ರಾಂತಿ ನೆನಪಾಗುತ್ತದೆ. ಇದು ಇಟ್ಟ ಗಂಟು ಕರಗಿಸಿಕೊಂಡು ಬದುಕುವ ಉಪವಾಸ. ವಸಂತಕ್ಕೆ ಹೊರಬರುವ ಹೊತ್ತಿಗೆ ಮೈತೂಕದ ಮೂರರಲ್ಲೊಂದು ಭಾಗ ಕರಗಿರಬಹುದು.) ಹೆಣ್ಣಿನ ಲೆಕ್ಕ ಇನ್ನೂ ಬಿಗಿ. ಬೇಸಿಗೆಯ ಮೊದಲಲ್ಲಿ ಗಂಡಿನೊಡನೆ ಕೂಡಿದರೂ ಭ್ರೂಣ ಗರ್ಭಕೋಶಕ್ಕೆ ಅಂಟುವುದು ಚಳಿಗಾಲ ಶುರುವಾದ ಮೇಲೆ, ಅದೂ ಮೈಯಲ್ಲಿ ಸಾಕಷ್ಟು ಕೊಬ್ಬಿದ್ದರೆ. ಅರ್ಧ ಕಿಲೋ ತೂಗುವ ಮರಿಗಳನ್ನು ಗುಹೆಯೊಳಗೇ ಹೆತ್ತು, ತಾನು ಏನೂ ತಿನ್ನದೆ ಹಾಲೂಡಿಸಬೇಕು.

ಇಂಥ ಪ್ರಾಣಿಗೆ ಶರತ್ಕಾಲದಲ್ಲಿ ಆಹಾರದ ಮೇಲೆ ಬೇಸರದ ಆಸಕ್ತಿ ಇರಲು ಸಾಧ್ಯವೇ? ಆ ದಿನಗಳಲ್ಲಿ ಎಚ್ಚರವಿರುವ ಹೊತ್ತಿನ ಬಹುಪಾಲು ಅದು ತಿನ್ನುತ್ತಲೇ ಇರುತ್ತದೆ. ಹರ್ಜೋಗ್‌ನ ಪ್ರಸಿದ್ಧ ಮಾತು ಕಾವ್ಯವಾಗಿ ಎಷ್ಟೇ ಚೆನ್ನಾಗಿರಲಿ, ಕರಡಿಯ ವರ್ಣನೆಯಾಗಿ ತಪ್ಪು. ಅಲ್ಲಿದ್ದದ್ದು ಉದಾಸೀನವೂ ಅಲ್ಲ, ಕ್ರೌರ್ಯವೂ ಅಲ್ಲ. ಅದು ಗಡುವು.

ವಿಪರ್ಯಾಸವೆಂದರೆ ಇದಕ್ಕೆ ಬೇಕಾದ ಪುರಾವೆ ಚಿತ್ರದಲ್ಲೇ ಇದೆ. ಟ್ರೆಡ್‌ವೆಲ್ ಪ್ರತಿವರ್ಷ ಅಷ್ಟು ತಡವಾಗಿ ಅಲ್ಲಿರುತ್ತಿರಲಿಲ್ಲ. ಆ ವರ್ಷ ಊರಿಗೆ ಹೊರಟವನು ಕೋಡಿಯಾಕ್ ವಿಮಾನ ನಿಲ್ದಾಣದಲ್ಲಿ ಟಿಕೆಟ್ ವಿಚಾರಕ್ಕೆ ಜಗಳವಾಡಿ, ಸಿಟ್ಟಿನಲ್ಲಿ ಮತ್ತೆ ಕಾಡಿಗೆ ಬಂದ. ಅಷ್ಟರಲ್ಲಿ ಅವನು ಬಲ್ಲ ಕರಡಿಗಳು ಹಲವು ಜಾಗ ಖಾಲಿ ಮಾಡಿದ್ದವು, ಪರಿಚಯವಿಲ್ಲದವು ಬಂದಿದ್ದವು. ಸುತ್ತ ವಿದ್ಯುತ್ ಬೇಲಿ ಇಲ್ಲ, ಕೈಯಲ್ಲಿ ಕರಡಿ ಸ್ಪ್ರೇ ಇಲ್ಲ. ದೇಹದ ಭಾಗಗಳು ಸಿಕ್ಕಿದ್ದು ಸುಮಾರು 28 ವರ್ಷದ ಮುದಿ ಗಂಡು ಕರಡಿಯ ಹೊಟ್ಟೆಯಲ್ಲಿ. 1918ರಿಂದ ರಕ್ಷಿತವಾಗಿರುವ ಕಟ್ಮಾಯ್‌ನಲ್ಲಿ ಕರಡಿ ಮನುಷ್ಯರನ್ನು ಕೊಂದದ್ದು ದಾಖಲಾದದ್ದು ಅದೇ ಮೊದಲು. ಇದನ್ನೆಲ್ಲ ಚಿತ್ರ ಹೇಳುತ್ತದೆ, ಆದರೆ ವಿಧಿಯ ಆಟವೆಂಬಂತೆ ಹೇಳಿ ದಾಟಿಬಿಡುತ್ತದೆ.

ನನಗೆ ಇಡೀ ಚಿತ್ರದಲ್ಲಿ ತುಂಬ ಹಿಡಿಸಿದ್ದು ಬರಗಾಲದ ಭಾಗ. ಮಳೆಯಿಲ್ಲ, ಹೊಳೆಯಲ್ಲಿ ನೀರಿಲ್ಲ, ಸಾಲ್ಮನ್ ಮೀನು ಹತ್ತಿ ಬರುತ್ತಿಲ್ಲ, ಹಸಿದ ಕರಡಿಗಳು ಮರಿಗಳನ್ನೇ ತಿನ್ನುತ್ತಿವೆ. ಟ್ರೆಡ್‌ವೆಲ್ ಮೊದಲು ಕಲ್ಲುಗಳನ್ನು ಸರಿಸಿ ಮೀನಿಗೆ ದಾರಿ ಮಾಡುತ್ತಾನೆ. ಆಮೇಲೆ ಡೇರೆಯಲ್ಲಿ ಕೂತು ಏಸುವನ್ನೂ ಅಲ್ಲಾನನ್ನೂ ತೇಲಾಡುವ ಯಾವುದೋ ಹಿಂದೂ ದೇವರನ್ನೂ ಮಳೆಗಾಗಿ ಬಾಯಿಗೆ ಬಂದಂತೆ ಬೈಯುತ್ತಾನೆ. (ವರುಣನಿಗೆ ವಿಳಾಸ ಸರಿಯಾಗಿ ತಲುಪಿರಬೇಕು, ಮಳೆ ಬಂತು.) ಮಳೆ, ಮೀನು, ಕರಡಿ, ಮರಿ ಎಂಬ ಸರಪಳಿ ಆ ಕೆಲವು ನಿಮಿಷಗಳಲ್ಲಿ ಕಣ್ಣಿಗೆ ಕಟ್ಟುತ್ತದೆ. ಹರ್ಜೋಗ್ ಅದನ್ನು ಮುಖ್ಯವಾಗಿ ಅವನ ಹುಚ್ಚಿನ ಸಾಕ್ಷಿಯಾಗಿ ಬಳಸುತ್ತಾನೆ. ಹುಚ್ಚು ಇದ್ದದ್ದು ನಿಜವೇ. ಆದರೆ ಆ ಹುಚ್ಚ ಆ ಹೊತ್ತಿನಲ್ಲಿ ಚಿತ್ರದ ಎಲ್ಲರಿಗಿಂತ ಸರಿಯಾಗಿ ನೋಡುತ್ತಿದ್ದ.

ಇನ್ನೊಬ್ಬರು ಸರಿಯಾಗಿ ಹೇಳಿದವರು ಕೋಡಿಯಾಕ್‌ನ ಅಲೂಟಿಕ್ ಮ್ಯೂಸಿಯಂನ ಸ್ವೆನ್ ಹಾಕನ್ಸನ್. ತಮ್ಮ ಜನ ಸಾವಿರಾರು ವರ್ಷ ಕರಡಿಗಳ ಜೊತೆ ಬಾಳಿದ್ದು ನಡುವಿನ ಗೆರೆ ದಾಟದೆ, ಮನುಷ್ಯರಿಗೆ ಒಗ್ಗಿಸುವುದರಿಂದ ಕೆಡುಕಾಗುವುದು ಕರಡಿಗೇ ಎನ್ನುತ್ತಾರೆ. ಚಿತ್ರದಲ್ಲಿ ಅವರಿಗೆ ಸಿಗುವುದು ಚೂರು ಸಮಯ. ಅವರ ಮಾತು ನಿಜವೆಂಬುದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ. ಆ ಅಕ್ಟೋಬರ್‌ನಲ್ಲಿ ಶವ ತರಲು ಹೋದವರು ಎರಡು ಕರಡಿಗಳನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಇನ್ನು ಕ್ಯಾಲಿಫೋರ್ನಿಯಾದ ಗೆಳೆಯರು ತಮ್ಮ ರಾಜ್ಯದ ಬಾವುಟ ನೋಡಿಕೊಳ್ಳಲಿ. ಅದರ ಮೇಲಿರುವ ಗ್ರಿಜ್ಲಿ 1920ರ ದಶಕದಲ್ಲೇ ಆ ನೆಲದಿಂದ ಅಳಿದುಹೋಯಿತು. ಇವತ್ತು ಯೊಸೆಮಿಟಿಗೆ ಕ್ಯಾಂಪಿಂಗ್ ಹೋದಾಗ ನಾವು ಚಟ್ನಿಪುಡಿ ಡಬ್ಬವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರಮಾಡುವುದು ಅದರ ಚಿಕ್ಕ ದಾಯಾದಿ ಕಪ್ಪು ಕರಡಿಗಾಗಿ.

ಚಿತ್ರ ನೋಡಬೇಡಿ ಎನ್ನುತ್ತಿಲ್ಲ. ಸಾವಿನ ಧ್ವನಿಮುದ್ರಣವನ್ನು ತಾನೊಬ್ಬನೇ ಕೇಳಿ, ನಮಗೆ ಕೇಳಿಸದೆ ಬಿಟ್ಟ ಹರ್ಜೋಗ್‌ನ ಸಂಯಮಕ್ಕೆ ನನ್ನ ಗೌರವವಿದೆ. ಆದರೆ ಅದರ ಜೊತೆಗೆ ಅದೇ ಕಟ್ಮಾಯ್‌ನ ಬ್ರೂಕ್ಸ್ ಜಲಪಾತದ ಬಳಿ 2012ರಿಂದ ಇರುವ ನೇರಪ್ರಸಾರದ ಕ್ಯಾಮೆರಾವನ್ನೂ ನೋಡಿ. ಅಲ್ಲಿ ಹಿನ್ನೆಲೆ ದನಿಯಿಲ್ಲ, ತತ್ವವಿಲ್ಲ. ಪ್ರವಾಸಿಗಳು ಕಟ್ಟೆಯ ಮೇಲೆ, ಕರಡಿಗಳು ನೀರಿನಲ್ಲಿ; ಯಾವ ಕರಡಿಯ ಬಳಿಗೂ ಐವತ್ತು ಗಜಕ್ಕಿಂತ ಹತ್ತಿರ ಹೋಗುವಂತಿಲ್ಲ. 2014ರಲ್ಲಿ ಶುರುವಾದ, ಅತಿ ದಪ್ಪ ಕರಡಿಗೆ ಜನ ಓಟು ಹಾಕುವ ತಮಾಷೆಯ ಸ್ಪರ್ಧೆ ನಡೆಯುವುದೂ ಸರಿಸುಮಾರು ಟ್ರೆಡ್‌ವೆಲ್ ಸತ್ತ ದಿನಗಳಲ್ಲೇ. 2024ರಲ್ಲಿ ಸ್ಪರ್ಧೆ ಶುರುವಾಗುವ ಹೊತ್ತಿಗೆ ಒಂದು ಕರಡಿ ಇನ್ನೊಂದನ್ನು ಕ್ಯಾಮೆರಾದ ಎದುರೇ ಕೊಂದಿತು. ಉದ್ಯಾನದವರು ಪಟ್ಟಿಯ ಪ್ರಕಟಣೆಯನ್ನು ಮುಂದೂಡಿದರು, ಆದದ್ದನ್ನು ಜನಕ್ಕೆ ಬಿಡಿಸಿ ಹೇಳಿದರು, ಆಮೇಲೆ ಓಟಿಂಗ್ ನಡೆಸಿದರು. ಆ ವರ್ಷ ಗೆದ್ದದ್ದು ಗ್ರೇಜರ್ ಎಂಬ ಹೆಣ್ಣು ಕರಡಿ. ಅದೇ ಜುಲೈನಲ್ಲಿ ಅವಳ ಮರಿಯೊಂದನ್ನು ಕೊಂದಿದ್ದ ಗಂಡು ಕರಡಿಯನ್ನೇ ಫೈನಲ್‌ನಲ್ಲಿ ಸೋಲಿಸಿ.