ಖಾಲಿ ತೂತುಗಳ ಸಾಲು

ಚಳ್ಳಕೆರೆ ಸೀಮೆಯ ದೊಡ್ಡಉಳ್ಳಾರ್ತಿಯ ಒಂದು ಮನೆಯ ಪಡಸಾಲೆಯ ಗೂಟಕ್ಕೆ ಅದು ನೇತುಬಿದ್ದಿತ್ತು. ಒಳಗೊಂದು ಇಕ್ಕಳ, ಎರಡು ಸ್ಪ್ಯಾನರ್. "ನಮ್ಮಜ್ಜ ಮಿಲಿಟ್ರಿಯಾಗೆ ಕಂಡಂ ಆದ ಸಾಮಾನು ಹರಾಜಾದಾಗ ತಂದಿದ್ದು ಸಾರ್. ಪಂಪ್‌ಸೆಟ್ ರಿಪೇರಿಗೆ ಅನುಕೂಲ ಐತೆ ಅಂತ ಇಟ್ಕಂಡಿದೀವಿ" ಎಂದರು ಮನೆಯ ಯಜಮಾನರು.

ರಿವಾಲ್ವರಿನ ತೊಗಲಿನ ಒರೆ ಅದು. ಸ್ಯಾಮ್ ಬ್ರೌನ್ ಬೆಲ್ಟಿಗೆ ಹಾಕುವಂಥದ್ದು. 1858ರಲ್ಲಿ ಇದೇ ದೇಶದ ಕಾಳಗವೊಂದರಲ್ಲಿ ಎಡಗೈ ಕಳೆದುಕೊಂಡ ಬ್ರಿಟಿಷ್ ಸೇನಾಧಿಕಾರಿ ಬ್ರೌನ್, ಒಂಟಿ ಕೈಯಲ್ಲಿ ಕತ್ತಿ ಎಳೆಯಲು ಒದಗುವಂತೆ ರೂಪಿಸಿದ ಬೆಲ್ಟು ಅದು. ಆ ಸಾಮಗ್ರಿಯ ಹುಟ್ಟೇ ಒಂದು ಮಾರ್ಪಾಟು. ಮಾರ್ಪಡಿಸಿದ ಒರೆಯನ್ನು 'ಕೆಟ್ಟದ್ದು' ಎಂದು ಪಕ್ಕಕ್ಕೆಸೆಯುವ ಸಂಗ್ರಾಹಕರನ್ನು ನಾನು ಒಪ್ಪುವುದಿಲ್ಲ. ಯಾರು, ಯಾವಾಗ, ಯಾಕೆ ಮಾರ್ಪಡಿಸಿದರು ಎಂಬುದೇ ನನಗೆ ಮುಖ್ಯ.

ಮೊದಲು ನೋಡಬೇಕಾದ್ದು ಹೊಲಿಗೆಯನ್ನಲ್ಲ, ಹೊಲಿಗೆಯಿಲ್ಲದ ತೂತುಗಳನ್ನು. ದಾರ ಕಿತ್ತರೂ ತೊಗಲಿನ ತೂತು ಮುಚ್ಚಿಕೊಳ್ಳುವುದಿಲ್ಲ. ಈ ಒರೆಯ ತುದಿಯಲ್ಲಿ ಒಂದು ಸಾಲು ಖಾಲಿ ತೂತುಗಳಿದ್ದವು, ಅದರ ಮೇಲ್ಗಡೆ ಹೊಸ ಹೊಲಿಗೆ. ಅಂದರೆ ಯಾರೋ ತುದಿಯನ್ನು ಮೋಟು ಮಾಡಿದ್ದಾರೆ. 1915ರ ವೆಬ್ಲಿ ಮಾರ್ಕ್ 6 ರಿವಾಲ್ವರಿನ ನಳಿಗೆ ಆರು ಅಂಗುಲ. ಆಮೇಲೆ ಬಂದ .38ರ ಎನ್‌ಫೀಲ್ಡ್‌ನದು ಐದು. ದೊಡ್ಡದರ ಒರೆಯಲ್ಲಿ ಚಿಕ್ಕದು ಅಲ್ಲಾಡುತ್ತದೆ. ಅದಕ್ಕೇ ಕತ್ತರಿ ಬಿದ್ದಿದೆ ಎಂಬುದು ನನ್ನ ಲೆಕ್ಕ. ಕತ್ತರಿಸಿದ ಅಂಚು ಕೈಯ ಜಿಡ್ಡು ಕುಡಿದು ಕಪ್ಪಾಗಿ ನುಣುಪಾಗಿತ್ತು, ಇದು ಹಳೆಯ ಕೆಲಸ. ಮುಚ್ಚಳವನ್ನೂ ಅರ್ಧಕ್ಕೆ ಕತ್ತರಿಸಿದ್ದರು. ಅಲ್ಲಿ ಮಾತ್ರ ಅಂಚು ಇನ್ನೂ ಬಿಳಿಚಿಕೊಂಡು ನಾರುನಾರಾಗಿತ್ತು. ಅದು ಇಕ್ಕಳ ಬಂದ ಮೇಲಿನದು.

ಒರೆಯ ಹಿಂಬದಿಯ ಬೆಲ್ಟಿನ ಕುಣಿಕೆ ನಮ್ಮ ಕಡೆಯ ಕೈಕೆಲಸ. ಕಾರ್ಖಾನೆಯ ಹೊಲಿಗೆ ಅಂಗುಲ ಅಂಗುಲಕ್ಕೂ ಒಂದೇ ಲೆಕ್ಕದಲ್ಲಿ ಓಡುತ್ತದೆ. ಇಲ್ಲಿ ಮೂಲೆ ಬಂದಾಗ ದಬ್ಬಳ ತುಸು ತಡೆದು ತಿರುಗಿದೆ. ತೊಗಲಿನ ಬಣ್ಣವೂ ಬೇರೆ. ಕಾನ್ಪುರದ ಸರ್ಕಾರಿ ಜೀನು ಕಾರ್ಖಾನೆಯ ಅಂದಿನ ನೆಚ್ಚಿನ ಸರಕು ಜಾಲಿ ತೊಗಟೆಯಲ್ಲಿ ಹದ ಮಾಡಿದ, ಕೆಂಪುಮಿಶ್ರಿತ ಗಡಸು ತೊಗಲು. ತಂಗಡಿ ತೊಗಟೆಯ ಹದ ತಿಳಿ ಬಣ್ಣಕ್ಕೆ ಬರುತ್ತದೆ, ಬಾಗಿದರೆ ಬಾಗುತ್ತದೆ. ದಕ್ಷಿಣದಲ್ಲಿ ಹಾಗೆ ಹದವಾದ ತೊಗಲನ್ನು ಮೊದಲ ಮಹಾಯುದ್ಧದಲ್ಲಿ ಸೈನಿಕರ ಬೂಟಿಗೆಂದು ಸರ್ಕಾರವೇ ಕೊಂಡಿತ್ತು. ಜಾಲಿ, ತಂಗಡಿ ಎರಡೂ ಚಳ್ಳಕೆರೆ ಸೀಮೆಯ ಬಯಲಲ್ಲಿ ಬೆಳೆಯುವಂಥವು. ಈ ಒರೆಯ ಮೈ ಒಂದರದು, ಕುಣಿಕೆ ಇನ್ನೊಂದರದು ಎಂದು ಬಣ್ಣ ನೋಡಿ ನನಗನ್ನಿಸಿತು.

ಮಾರುಕಟ್ಟೆಗೆಂದೇ ತಿದ್ದಿದ ಮಾಲು ಬೇರೆ ಜಾತಿ. ಅದರ ಬಗ್ಗೆ ನನಗೆ ಸಿಟ್ಟಿದೆ. ಸಾದಾ ಒರೆಗೆ, ಸರ್ಕಾರಿ ಸ್ವತ್ತೆಂದು ಸಾರುವ ಬಾಣದ ಮೊನೆಯ ಮುದ್ರೆ ಒತ್ತಿ, ಪಕ್ಕದಲ್ಲಿ ಭಾರತದ ಗುರುತಾದ 'ಐ' ಅಕ್ಷರ ಹಾಕಿ ನಾಲ್ಕು ಪಟ್ಟು ಬೆಲೆ ಹೇಳುತ್ತಾರೆ. ಭೂತಗನ್ನಡಿ ಹಿಡಿಯಿರಿ. ತೊಗಲು ಹೊಸದಾಗಿದ್ದಾಗ ಬಿದ್ದ ಮುದ್ರೆಯನ್ನು ಆಮೇಲಿನ ಬಿರುಕುಗಳು ದಾಟಿಹೋಗಿರುತ್ತವೆ. ನಿನ್ನೆ ಮೊನ್ನೆ ಒತ್ತಿದ್ದು ಆ ಬಿರುಕುಗಳನ್ನೇ ಜಜ್ಜಿರುತ್ತದೆ. ಹಿತ್ತಾಳೆ ಗುಂಡಿಯ ಬುಡವನ್ನೂ ನೋಡಿ. ಹಳೆಯ ಎಣ್ಣೆಯ ಜೊತೆ ಸೇರಿ ಹಸಿರು ಕಿಲುಬು ತೊಗಲಿಗೆ ಇಳಿದಿರಬೇಕು. ಕಿಲುಬಿನ ಉಂಗುರ ಒಂದು ಕಡೆ, ಗುಂಡಿ ಇನ್ನೊಂದು ಕಡೆ ಇದ್ದರೆ ಗುಂಡಿ ಬದಲಾಗಿದೆ. ಒರೆಯ ಮೇಲಿನ ಜೇಬು ಕಿತ್ತಿದ್ದರೆ, ಗೋಡೆಯ ಕ್ಯಾಲೆಂಡರ್ ತೆಗೆದಾಗ ಕಾಣುವ ಚೌಕದಂತೆ, ಬಿಸಿಲು ಕಾಣದ ತಿಳಿ ಜಾಗ ಉಳಿದಿರುತ್ತದೆ.

"ಮೊದಲಿನಂಗೆ ಮಾಡಿಸ್ಲಾ ಸಾರ್?" ಎಂದು ಅವರು ಕೇಳಿದರು. ಬೇಡ ಅಂದೆ. ಎಣ್ಣೆಯೂ ಬೇಡ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ರಿವಾಲ್ವರಿನ ಗುಂಡುಗಳ ಉರುಳೆ ಕೂತಿದ್ದ ಉಬ್ಬು ತೊಗಲಲ್ಲಿ ಹಾಗೇ ಇತ್ತು. ಅದರ ಮೇಲೆ, ಬೆರಳಾಡಿಸಿದರೆ ಸಿಗುವಂತೆ, ಇಕ್ಕಳದ ಎರಡು ಹಿಡಿಗಳ ಗೆರೆ.