ಚೋಮನಿಗೆ ಪಹಣಿ ಸಿಕ್ಕಿದ್ದರೆ

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಬಿ.ಎ. ತರಗತಿಗೆ ಪಾಠ ಹೇಳುವಾಗ ಅಧ್ಯಾಪಕನಾದವನು ಆಡುವ ಮಾತುಗಳು ಹೆಚ್ಚುಕಡಮೆ ಗೊತ್ತಾಗಿಹೋಗಿವೆ. ಭೂಮಿಯ ಹಂಬಲ, ಜಾತಿಯ ಅಡ್ಡಗೋಡೆ, ದುಡಿಯ ಧ್ವನಿ, ದುರಂತ. ಇಷ್ಟು ಹೇಳುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ನಾನೂ ಹಲವು ವರ್ಷ ಹಾಗೆಯೇ ಹೇಳಿಕೊಂಡು ಬಂದವನು. ಹೋದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಚೋಮನಿಗೆ ಗದ್ದೆ ಸಿಕ್ಕಿದ್ದರೆ ಪಹಣಿ ಯಾರ ಹೆಸರಿಗೆ ಆಗುತ್ತಿತ್ತು?” ಎಂದು ಕೇಳಿದಳು. ತರಗತಿ ನಕ್ಕಿತು. ಚೋಮನ ಹೆಸರಿಗೇ ಎಂದೆ. “ಅವನು ಸತ್ತ ಮೇಲೆ ಬೆಳ್ಳಿಯ ಹೆಸರಿಗೆ ಬರುತ್ತಿತ್ತೆ?” ಎಂಬುದು ಅವಳ ಎರಡನೆಯ ಪ್ರಶ್ನೆ. ಅಪ್ಪನ ಸಾಲ ತೀರಿಸಲೆಂದು ಕಾಫಿ ತೋಟಕ್ಕೆ ದುಡಿಯಹೋದವಳು ಬೆಳ್ಳಿ. ನನ್ನ ಬಾಯಿ ಕಟ್ಟಿತು. ಉತ್ತರ ತಿಳಿಯದ್ದಕ್ಕಿಂತ, ಇಷ್ಟು ವರ್ಷ ಈ ಪ್ರಶ್ನೆ ನನಗೇ ಏಕೆ ಹೊಳೆಯಲಿಲ್ಲವೆಂಬ ನಾಚಿಕೆ ದೊಡ್ಡದಾಯಿತು.

ಕಾದಂಬರಿಯ ಮೇಲೆ ತಪ್ಪು ಹೊರಿಸುವಂತಿಲ್ಲ. 1933ರಲ್ಲಿ ಪ್ರಕಟವಾದ ಕೃತಿ ಅದು. ಹೊಲೆಯನೊಬ್ಬ ಬೇಸಾಯ ಮಾಡಬಹುದೆ ಎಂಬುದೇ ಅಂದಿನ ಪ್ರಶ್ನೆಯಾಗಿದ್ದಾಗ, ಹಕ್ಕುಪತ್ರದ ಮಾತು ಬಹು ದೂರದ್ದು. ತಪ್ಪು ನಮ್ಮದು, ಎಂದರೆ ವಿಮರ್ಶಕರದು. ಕಾರಂತರು ನಿಲ್ಲಿಸಿದಲ್ಲಿಯೇ ನಾವೂ ನಿಂತುಬಿಟ್ಟೆವು. ಹಳ್ಳಿಯ ಬರೆಹ ಕಂಡೊಡನೆ ‘ಮಣ್ಣಿನ ವಾಸನೆಯಿದೆ’ ಎಂದು ಹೊಗಳುವುದು ನಮ್ಮಲ್ಲಿ ರೂಢಿ. ಆ ಮಣ್ಣಿಗೊಂದು ಕಾಗದವಿದೆ, ಕಾಗದ ಮನೆಯೊಳಕ್ಕೆ ಬಂದ ದಿನದಿಂದ ಮನೆಯವರ ನಡುವಣ ಮಾತುಕತೆಯೇ ಬೇರೆಯಾಗುತ್ತದೆ ಎಂಬುದನ್ನು ನಾವು ಸಾಹಿತ್ಯದ ವಿಷಯವೆಂದೇ ಎಣಿಸಲಿಲ್ಲ. ಅದು ವಕೀಲರ ಪಾಲಿಗೆ ಹೋಯಿತು.

ನಾನು ಸಾಗರ ಸೀಮೆಯವನು. 1951ರ ಕಾಗೋಡು ಸತ್ಯಾಗ್ರಹದ ಕಥೆಯನ್ನು ಅಜ್ಜನ ಬಾಯಿಂದ ಕೇಳಿ ಬೆಳೆದವನು. ಗೇಣಿಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕೆಂಬ ಜಗಳದಿಂದ ಹುಟ್ಟಿದ ಆ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ, 1974ರ ಮಾರ್ಚ್ 1ರಂದು ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರ ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು, ಭೂನ್ಯಾಯ ಮಂಡಲಿಯ ಮುಂದೆ ನಿಂತು, ಉಳುತ್ತಿರುವವನು ತಾನೆಂದು ತೋರಿಸಿಕೊಟ್ಟರೆ ಭೂಮಿ ಅವನದು. ನಮ್ಮ ಅಜ್ಜನಿಗೆ ಎರಡೂವರೆ ಎಕರೆ ಆದದ್ದು ಹಾಗೆ. ಗೇಣಿದಾರನಾಗಿದ್ದಷ್ಟು ಕಾಲ ಆತ ಆ ನೆಲದಲ್ಲಿ ಒಂದು ಅಡಿಕೆ ಸಸಿಯನ್ನೂ ನೆಟ್ಟವನಲ್ಲ. ಐದಾರು ವರ್ಷ ಕಾದು ಫಲ ಉಣ್ಣುವ ಗಿಡವನ್ನು, ಬರುವ ವರ್ಷ ಬಿಡಿಸಿಕೊಳ್ಳಬಹುದಾದ ನೆಲದಲ್ಲಿ ಯಾರು ನೆಟ್ಟಾರು? ಹಕ್ಕುಪತ್ರ ಬಂದ ಮಳೆಗಾಲದಲ್ಲಿಯೇ ಗದ್ದೆಯ ಮೇಲ್ಭಾಗದಲ್ಲಿ ತೋಟ ಎದ್ದಿತು. ನಾನು ಓದಿದ್ದು, ಎಂ.ಎ. ಮಾಡಿದ್ದು ಆ ತೋಟದ ಬಲದಿಂದ. ಕಾಗದವನ್ನು ಹಗುರಾಗಿ ಕಾಣುವವರ ಗುಂಪಿಗೆ ನಾನು ಸೇರಲಾರೆ. ಶರಾವತಿಯ ಮುಳುಗಡೆಯಿಂದ ಎದ್ದು ಬಂದು, ಕೊಟ್ಟ ನೆಲಕ್ಕೆ ಸರಿಯಾದ ಪಹಣಿಯಿಲ್ಲದೆ ತಲೆಮಾರುಗಳನ್ನು ಕಳೆದ ಸಂಸಾರಗಳು ನಮ್ಮ ಸುತ್ತಲೇ ಇವೆ. ಅವರನ್ನು ಕೇಳಿದರೆ ಕಾಗದದ ಬೆಲೆ ತಿಳಿಯುತ್ತದೆ.

ಆದರೆ ಆ ಕಾಲದ ಘೋಷಣೆಯನ್ನು ಒಮ್ಮೆ ವ್ಯಾಕರಣದ ಕಣ್ಣಿನಿಂದ ನೋಡಬೇಕು. ‘ಉಳುವವನೇ ಹೊಲದೊಡೆಯ.’ ಮೂರು ಸಂಗತಿಗಳು ಅಲ್ಲಿ ಅಡಗಿವೆ. ಕ್ರಿಯೆ ಉಳುವುದು. ನೇಗಿಲು ಹಿಡಿಯುವುದು ನಮ್ಮಲ್ಲಿ ಗಂಡಸಿನ ಕೆಲಸ; ಸಸಿ ಕೀಳುವುದು, ನೆಡುವುದು, ಕಳೆ ತೆಗೆಯುವುದು ಹೆಂಗಸರ ಕೆಲಸ. ಉಳುಮೆ ನಾಲ್ಕು ದಿನದ್ದಾದರೆ ಉಳಿದುದು ನಾಲ್ಕು ತಿಂಗಳದ್ದು. ಎರಡನೆಯದು, ಅದು ಪುಲ್ಲಿಂಗ ಏಕವಚನ. ಉಳುವವರು ಎಂದಿದ್ದರೂ ಸಾಕಿತ್ತು. ಮೂರನೆಯದು ಕೊನೆಯ ಏಕಾರ. ಅವಧಾರಣಾರ್ಥವೆಂದು ನಾವು ಮಕ್ಕಳಿಗೆ ಕಲಿಸುವ ಆ ಏಕಾರದ ಕೆಲಸವೇ ಇತರರನ್ನು ಹೊರಗಿಡುವುದು. ಜಮೀನ್ದಾರನನ್ನು ಹೊರಗಿಡಲೆಂದು ಇಟ್ಟ ಏಕಾರ ಅದು. ಅದು ಹೊರಗಿಟ್ಟದ್ದು ಆತನೊಬ್ಬನನ್ನೇ ಅಲ್ಲ. ಘೋಷಣೆ ಕಟ್ಟಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ಒಪ್ಪುತ್ತೇನೆ. ಭಾಷೆಯಲ್ಲಿ ಬಹಳಷ್ಟು ಅನ್ಯಾಯ ನಡೆಯುವುದು ಉದ್ದೇಶವಿಲ್ಲದೆಯೇ.

ಪಹಣಿಯನ್ನೂ ಒಂದು ಪಠ್ಯವೆಂದು ಓದಬಹುದು. ಕೈಬರೆಹದ ಪಹಣಿ ಹೋಗಿ, ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿ ಇಪ್ಪತ್ತು ವರ್ಷಗಳ ಮೇಲಾಯಿತು. ಲೆಕ್ಕಿಗರ ದಯೆಗೆ ಕಾಯುವ ಕಾಲ ಹೋಯಿತೆಂದು ರೈತ ನಿಟ್ಟುಸಿರುಬಿಟ್ಟದ್ದು ನಿಜ. ಆದರೆ ಅದರ ಚೌಕಟ್ಟು ಹಳೆಯದೇ. ಒಂಬತ್ತನೆಯ ಕಾಲಂನಲ್ಲಿ ಖಾತೆದಾರನ ಹೆಸರು. ಹನ್ನೊಂದನೆಯದರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು. ಹನ್ನೆರಡನೆಯದರಲ್ಲಿ ಸಾಗುವಳಿಯ ವಿವರ. 1974ರ ಕ್ರಾಂತಿಯೆಂದರೆ, ಹನ್ನೆರಡರಲ್ಲಿದ್ದವನು ಒಂಬತ್ತಕ್ಕೆ ಏರಿದ್ದು. ಏರಿದ ಮೇಲೆ ಬಾಗಿಲು ಮುಚ್ಚಿತು: ಸೈನಿಕರು, ನಾವಿಕರನ್ನು ಬಿಟ್ಟು ಬೇರೆ ಯಾರೂ ಜಮೀನನ್ನು ಗೇಣಿಗೆ ಕೊಡುವಂತಿಲ್ಲವೆಂಬುದು ಕಾನೂನಾಯಿತು. ಗೇಣಿ ನಿಂತಿತೆ? ಅದರ ಬರೆಹ ನಿಂತಿತು. ಇಂದು ಕೋರಿಗೋ ಗುತ್ತಿಗೆಗೋ ಮಾಡುವವನಿಗೆ ಬಾಯಿಮಾತೇ ಆಧಾರ. ಚೀಟಿ ಬರೆದುಕೊಟ್ಟರೆ ನಾಳೆ ಹಕ್ಕು ಕೇಳಿಯಾನೆಂಬ ಅಂಜಿಕೆ ಖಾತೆದಾರನಿಗೆ. ಆದ್ದರಿಂದ ಹನ್ನೆರಡನೆಯ ಕಾಲಂನಲ್ಲಿ ಸಾಮಾನ್ಯವಾಗಿ ‘ಸ್ವಂತ’ ಎಂಬ ಒಂದೇ ಪದ ಕುಳಿತಿರುತ್ತದೆ. ಕನ್ನಡದಲ್ಲಿ ಇಷ್ಟು ಸುಲಭವಾಗಿ ಸುಳ್ಳು ಹೇಳುವ ಪದ ಇನ್ನೊಂದಿರಲಾರದು.

ಪೆರು ದೇಶದ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೋಟೊ 2000ದಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಬಡವರ ಕೈಯಲ್ಲಿರುವ ಆಸ್ತಿ ಹಕ್ಕುಪತ್ರವಿಲ್ಲದ ಕಾರಣ ಸತ್ತ ಬಂಡವಾಳವಾಗಿದೆ, ಪತ್ರ ಕೊಟ್ಟರೆ ಅದಕ್ಕೆ ಜೀವ ಬರುತ್ತದೆ ಎಂದು ವಾದಿಸಿ ಜಗತ್ಪ್ರಸಿದ್ಧನಾದ. ವಾದದಲ್ಲಿ ಹುರುಳಿಲ್ಲದಿಲ್ಲ. ನಮ್ಮಪ್ಪನಿಗೆ ಸಹಕಾರಿ ಸಂಘದ ಸಾಲ ಹುಟ್ಟಿದ್ದು ಪಹಣಿಯಿಂದಲೇ. ಪಂಪ್‌ಸೆಟ್ಟು ಬಂದದ್ದು ಆ ಸಾಲದಿಂದ. ಅದೇ ಸಾಲ ಹನ್ನೊಂದನೆಯ ಕಾಲಂಗೆ ಇಳಿದು, ಕೊಳೆರೋಗದ ವರ್ಷ ಅಪ್ಪನನ್ನು ಸಂಘದ ಕಚೇರಿಯ ಕಡೆಗೆ ಹೋಗದ ಹಾಗೆ ಸುತ್ತಿ ನಡೆಯಿಸಿತು. ಜೀವ ಬಂದ ಬಂಡವಾಳಕ್ಕೆ ಹಸಿವೂ ಬರುತ್ತದೆಂಬುದನ್ನು ಆ ಪಂಡಿತ ಅಷ್ಟಾಗಿ ಬರೆಯಲಿಲ್ಲ.

ಬೆಳ್ಳಿಯ ಪ್ರಶ್ನೆಗೆ ಬರುತ್ತೇನೆ. ಕಾನೂನನ್ನೇ ಕೇಳಿದರೆ ಉತ್ತರ ಸುಲಭ. ಕರ್ನಾಟಕದಲ್ಲಿ 1994ರಿಂದ ಮದುವೆಯಾಗದ ಹೆಣ್ಣುಮಕ್ಕಳಿಗೆ, 2005ರಿಂದ ದೇಶಕ್ಕೆಲ್ಲ ಅನ್ವಯಿಸಿ ಎಲ್ಲ ಹೆಣ್ಣುಮಕ್ಕಳಿಗೂ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಪಾಲಿದೆ. ಆದರೂ 2015-16ರ ಕೃಷಿ ಗಣತಿಯಲ್ಲಿ ದೇಶದ ಸಾಗುವಳಿ ಹಿಡುವಳಿದಾರರ ಪೈಕಿ ಹೆಂಗಸರು ಶೇಕಡಾ 14ರಷ್ಟು ಮಾತ್ರ. ನಡುವೆ ಏನು ನಡೆಯುತ್ತದೆಂಬುದಕ್ಕೆ ನಾನು ಸಾಕ್ಷಿ ಮಾತ್ರವಲ್ಲ, ಪಾಲುದಾರ. ಅಪ್ಪ ತೀರಿಕೊಂಡು ಪೌತಿಖಾತೆಯ ಮಾತು ಬಂದಾಗ ಅಕ್ಕನನ್ನು ಹಕ್ಕು ಬಿಡುಗಡೆ ಪತ್ರಕ್ಕೆ ಕರೆದುಕೊಂಡು ಹೋದವನು ನಾನೇ. ಯಾರೂ ಬಲವಂತ ಮಾಡಲಿಲ್ಲ. ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ, ಸ್ವಲ್ಪ ಹಣ. “ತವರಿನ ಬಾಗಿಲು ತೆರೆದಿದ್ದರೆ ಸಾಕು ಕಣೋ, ಸೈನು ಎಲ್ಲಿ ಹಾಕಬೇಕು ಹೇಳು” ಎಂದಳು. ಶಾಲೆ ಬಿಡಿಸಿ ಏಳು ವರ್ಷ ಆ ಗದ್ದೆಗೆ ಇಳಿಸಿದ್ದು ಅವಳನ್ನು, ನನ್ನನ್ನಲ್ಲ. ಪಕ್ಕದಲ್ಲಿ ಅವ್ವ ಕುಳಿತಿದ್ದಳು. ಆಕೆಯೂ ಕಾನೂನಿನಂತೆ ವಾರಸುದಾರಳೇ. ಮಗನ ಹೆಸರಿಗಾದರೆ ತನ್ನ ಹೆಸರಿಗಾದಂತೆಯೇ ಎಂದು ಆಕೆಯೂ ಹೆಬ್ಬೆಟ್ಟು ಒತ್ತಿದಳು. ಪಹಣಿಯಿಲ್ಲದ ಕಾಲದಲ್ಲಿ ಆ ಗದ್ದೆಯನ್ನು ಊರಿನವರು ‘ಅವರ ಮನೆಯ ಗದ್ದೆ’ ಎನ್ನುತ್ತಿದ್ದರು. ಈಗ ನನ್ನ ಹೆಸರು ಹಿಡಿದು ಹೇಳುತ್ತಾರೆ. ‘ಅವರ ಮನೆ’ ಎಂಬಲ್ಲಿ ಅಕ್ಕ, ಅವ್ವ ಇಬ್ಬರಿಗೂ ಒಂದಿಷ್ಟು ಜಾಗವಿತ್ತು.

ಇದು ಕಾದಂಬರಿಯಲ್ಲವೆ? ನನ್ನ ಓದಿನ ಮಟ್ಟಿಗೆ, ಭೂಮಿ ಇಲ್ಲದ ಸಂಕಟವನ್ನು ನಮ್ಮ ಗದ್ಯ ಚೆನ್ನಾಗಿಯೇ ಬರೆದಿದೆ. ಭೂಮಿ ಬಂದವನ ಮನೆಯ ಕಥೆಗೆ ಅದು ಇನ್ನೂ ಸಂಕೋಚಪಡುತ್ತಿದೆ. ಗೆದ್ದವನು ತನ್ನವರಿಗೇ ಒಡೆಯನಾದುದನ್ನು ಬರೆದರೆ ಹೋರಾಟಕ್ಕೆ ಕಳಂಕವೆಂಬ ಅಂಜಿಕೆ ಇದ್ದೀತು. ಅಥವಾ ಬರೆಯಬೇಕಾದವರು ನನ್ನಂತೆ ಆ ಖಾತೆಯ ಮೇಲೆಯೇ ಕುಳಿತಿರಬಹುದು.

ಗದ್ದೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಪೇಟೆಯಲ್ಲಿ ಪಾಠ ಹೇಳುವವನು. ಗದ್ದೆಯನ್ನು ಪಕ್ಕದ ಊರಿನ ಒಬ್ಬರು ಬಾಯಿಮಾತಿನ ಮೇಲೆ ಮಾಡುತ್ತಿದ್ದಾರೆ. ಪಹಣಿಯಲ್ಲಿ ‘ಸ್ವಂತ’ ಎಂದಿದೆ. 2023ರ ಬರಗಾಲದ ಪರಿಹಾರ ನನ್ನ ಬ್ಯಾಂಕಿನ ಖಾತೆಗೆ ಬಂದು ಬಿತ್ತು. ಪೂರ್ತಿ ಅವರಿಗೆ ಕೊಟ್ಟೆನೆಂದು ಬರೆದರೆ ಓದುಗರು ಮೆಚ್ಚಿಯಾರು. ಅರ್ಧ ಕೊಟ್ಟೆ. ಅವರು ಎರಡೂ ಕೈಯೊಡ್ಡಿ ತೆಗೆದುಕೊಂಡರು. ಈ ಸಲವೂ ಅವರೇ ಮಾಡುತ್ತಾರೆ, ಚೀಟಿ ಬರೆದಿಲ್ಲ.