ನೆರೆ ಇಳಿದ ಮೇಲೂ ಉಳಿಯುವ ಕೊರೆತ

ಸೇತುವೆಗಳ ಸುರಕ್ಷತೆಯನ್ನು ಪಾಠ ಮಾಡುವಾಗ ಪ್ರವಾಹಕ್ಕೊಂದು, ಭೂಕಂಪಕ್ಕೊಂದು ಅಧ್ಯಾಯ ಮೀಸಲಿಡುವುದು ರೂಢಿ. ಎರಡೂ ಒಂದೇ ದಿನ ಬರುವ ಸಂಭವ ತೀರ ಕಡಿಮೆ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಈ ವಾದ ದೋಷಪೂರ್ಣ. ನೆರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ; ಕಂಬದ ಬುಡದಲ್ಲಿ ಅದು ತೋಡಿದ ಗುಂಡಿ ಇಳಿದು ಹೋಗುವುದಿಲ್ಲ. ಗುಂಡಿ ಮತ್ತೆ ತುಂಬಿಕೊಂಡರೂ ಅಲ್ಲಿರುವುದು ಸಡಿಲ ಮರಳು, ಹೂಳು. ಮೇಲಿನಿಂದ ನೋಡಿದವರಿಗೆ ನದೀತಳ ಸಮನಾಗಿಯೇ ಕಾಣುತ್ತದೆ.

ಆಳಂದದ ಅಮರ್ಜಾ, ಅಫಜಲಪುರ–ಜೇವರ್ಗಿಗಳ ಭೀಮಾ ನದಿಗಳ ಸೀಮೆಗೆ ಇದು ದೂರದ ಮಾತಲ್ಲ. ಆಳಂದದಿಂದ ಸುಮಾರು 60 ಕಿ.ಮೀ. ದೂರದ ಕಿಲ್ಲಾರಿಯಲ್ಲಿ 6.2 ಪರಿಮಾಣದ ಭೂಕಂಪವಾದದ್ದು 1993ರ ಸೆಪ್ಟೆಂಬರ್ 30ರಂದು, ಅಂದರೆ ಮುಂಗಾರಿನ ಕೊನೆಯಲ್ಲಿ. ಆಗಿನ ನಕ್ಷೆಯಲ್ಲಿ ಆ ಪ್ರದೇಶ ಕನಿಷ್ಠ ಅಪಾಯದ ವಲಯ 1ರಲ್ಲಿತ್ತು! 2020ರಲ್ಲಿ ಭೀಮಾ ಉಕ್ಕಿ ಹರಿದದ್ದು ಅಕ್ಟೋಬರ್‌ನಲ್ಲಿ.

ಕೊರೆತದ ಪರಿಣಾಮವನ್ನು ಪಿಯುಸಿ ವಿದ್ಯಾರ್ಥಿಯೂ ಅಂದಾಜಿಸಬಹುದು. ಬುಡ ಬಿಗಿಯಾಗಿದ್ದು ತುದಿಯಲ್ಲಿ ಭಾರ ಹೊತ್ತ ಕಂಬ ಬಾಗುವಿಕೆಗೆ ಒಡ್ಡುವ ತಡೆ, ಉದ್ದದ ಘನಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. 8 ಮೀಟರ್ ಕಂಬದ ಬುಡದಲ್ಲಿ 2 ಮೀಟರ್ ಮಣ್ಣು ಹೋದರೆ ಅದರ ಪರಿಣಾಮಕಾರಿ ಉದ್ದ 10 ಮೀಟರ್. ತಡೆ 0.51 ಪಟ್ಟಿಗೆ ಇಳಿಯುತ್ತದೆ. ಆಂದೋಲನದ ಅವಧಿ 1.4 ಪಟ್ಟಾಗುತ್ತದೆ.

ಅವಧಿ ಹೆಚ್ಚಿದರೆ ಕಂಪನದ ಬಲ ಕಡಿಮೆಯಾಗುವುದರಿಂದ ಕೊರೆತ ಒಳ್ಳೆಯದೇ ಎಂದು ಕೆಲವರು ವಾದಿಸುವುದುಂಟು. ಇದು ಅರ್ಧಸತ್ಯ. ಐಎಸ್ 1893ರ ವಕ್ರರೇಖೆಯ ಇಳಿಜಾರಿನ ಭಾಗದಲ್ಲಿ ಬಲ ಇಳಿಯುವುದು ನಿಜ. ಆದರೆ ಅಲ್ಲಿಯೇ ಪಲ್ಲಟ 1.4 ಪಟ್ಟು ಏರುತ್ತದೆ. ತೊಲೆಯ ತುದಿ ಆಸರೆಯಿಂದ ಜಾರುವುದು ಪಲ್ಲಟದಿಂದ. ಕೊರೆತ ಎಲ್ಲ ಕಂಬಗಳಲ್ಲೂ ಒಂದೇ ಸಮನಾಗಿ ಆಗುವುದೂ ಇಲ್ಲ. ಎರಡು ಕಂಬಗಳು ಒಂದೇ ಅಖಂಡ ಹಾಸನ್ನು ಹೊತ್ತಿದ್ದು ಒಂದರ ಬುಡ ಮಾತ್ರ ಹೀಗೆ ಕೊರೆದಿದ್ದರೆ, ಕೊರೆಯದ ಕಂಬವೇ ಮೂರನೇ ಎರಡು ಪಾಲು ಬಲ ಹೊರಬೇಕು. ಅಡಿಪಾಯ ಗಟ್ಟಿ ಬಂಡೆಯಲ್ಲಿ ಕೂತಿದ್ದರೆ ಚಿಂತೆ ಕಡಿಮೆ.

ನಿಯಮಗಳು ಇದನ್ನು ಮರೆತಿಲ್ಲ. ಭೂಕಂಪದ ಜೊತೆ ಗರಿಷ್ಠ ಕೊರೆತದ 0.9 ಪಾಲನ್ನು ಪರಿಗಣಿಸುವ ಸೂತ್ರ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಸಂಹಿತೆಯಲ್ಲಿದೆ. ಆದರೆ ಅದು ವಿನ್ಯಾಸದ ದಿನದ ಲೆಕ್ಕ. ಮರಳು ತೆಗೆಯುವುದರಿಂದ ಮುಂದೆ ತಳವೇ ತಗ್ಗಿದರೆ ಆ ಲೆಕ್ಕ ಹಳತಾಗುತ್ತದೆ.

ಆದ್ದರಿಂದ ಮಳೆಗಾಲದ ನಂತರದ ತಪಾಸಣೆ ಕಣ್ಣಳತೆಯಲ್ಲಿ ಮುಗಿಯಬಾರದು. ಗಟ್ಟಿ ನೆಲ ಸಿಗುವ ಆಳವನ್ನು ಅಳೆಯಬೇಕು. ವೇಗೋತ್ಕರ್ಷಮಾಪಕವಿಟ್ಟು ಸೇತುವೆಯ ಸಹಜ ಆವೃತ್ತಿಯನ್ನೂ ದಾಖಲಿಸಬೇಕು. ಮೇಲಿನ ಉದಾಹರಣೆಯಲ್ಲಿ ಆವೃತ್ತಿ ಶೇ. 28ರಷ್ಟು ಇಳಿಯುತ್ತದೆ. ಕಣ್ಣಿಗೆ ಕಾಣದ ಗುಂಡಿಯನ್ನು ಆ ಅಂಕಿ ತೋರಿಸಿಕೊಡುತ್ತದೆ.